ಹೊಗೆ ಕುಡಿದ ಮರ

ಬಡಗಿ ಯಾಕೂಬ್ ಸಾಹೇಬರು ಆ ಮರದ ಹಿಡಿಯನ್ನು ಮೇಜಿನ ಅಂಚಿಗೆ ಒಮ್ಮೆ ಮೆಲ್ಲಗೆ ಕುಟ್ಟಿದರು. ಅಕ್ಕಿಹಿಟ್ಟಿನಂಥ ಪುಡಿ ಸುರಿದು ಗುಪ್ಪೆಯಾಯಿತು. ಇನ್ನೊಮ್ಮೆ ಕುಟ್ಟಲು ಅವರಿಗೆ ಧೈರ್ಯವಾಗಲಿಲ್ಲ.

"ಗೌಡ್ರೇ, ಇದರಲ್ಲಿ ಮರ ಎಲ್ಲುಂಟು? ಕುಟ್ಟೆ ಹುಳ ಒಳಗೆ ಪೂರಾ ತಿಂದು ಪಾಲಿಶ್ ಮಾತ್ರ ಬಿಟ್ಟಿದೆ."

ಜಯದೇವಪ್ಪನವರು ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದು ಅವರ ರೈಫಲ್ಲಿನ ಹಿಡಿ, ಹೆಗಲಿಗೆ ಆನಿಸುವ ಭಾಗ. ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಸೀಮೆಗೆ ಹೊರಡುವಾಗ ಅವರ ಅಜ್ಜನಿಗೆ ಕೊಟ್ಟುಹೋದ ರೈಫಲ್ಲು. ನಳಿಗೆಯನ್ನೂ ಉಳಿದ ಕಬ್ಬಿಣವನ್ನೂ ಮನೆಯಲ್ಲಿ ಬೀಗ ಹಾಕಿಟ್ಟು, ಮರವನ್ನಷ್ಟೇ ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಎನ್.ಆರ್. ಪುರದ ಬಸ್ಸು ಹತ್ತಿದ್ದರು. ಇಷ್ಟು ಹಳೆಯದಕ್ಕೆ ಹಿಡಿ ಎಲ್ಲೂ ಸಿಗುವುದಿಲ್ಲವೆಂದು ಶಿವಮೊಗ್ಗದ ಕೋವಿ ಅಂಗಡಿಯವರು ಆಗಲೇ ಕೈಚೆಲ್ಲಿದ್ದರು. ಲೈಸೆನ್ಸಿನ ಗುಮಾಸ್ತರು, ಡಿಸೆಂಬರಿನಲ್ಲಿ ನವೀಕರಣಕ್ಕೆ ಬರುವಾಗ ಕೋವಿ ಸರಿಯಿದ್ದರೆ ತನ್ನಿ, ಇಲ್ಲವಾದರೆ ಒಪ್ಪಿಸಿ ನೆಮ್ಮದಿಯಾಗಿರಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದ್ದರು. ಡಿಸೆಂಬರಿಗೆ ಇನ್ನು ಆರು ವಾರ. ಮೂರು ತಲೆಮಾರು ಮನೆಯಲ್ಲಿದ್ದದ್ದು ತನ್ನ ಕಾಲದಲ್ಲಿ ಹೊಸಿಲು ದಾಟುತ್ತದಲ್ಲ ಎಂಬ ಸಂಕಟಕ್ಕೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಎಲ್ಲಿಟ್ಟಿದ್ದಿರಿ ಎಂದು ಸಾಹೇಬರು ಕೇಳಿದರು. ಮುಂದಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಎಂದರು. ಅದಕ್ಕೆ ಮುಂಚೆ? ಅಡುಗೆಮನೆಯಲ್ಲಿ, ಒಲೆಯ ಮೇಲೆ ಎನ್ನುವಾಗ ಜಯದೇವಪ್ಪನವರ ದನಿ ಇಳಿಯಿತು. ರೈಫಲ್ಲನ್ನು ಒಲೆಯ ಮೇಲಿನ ಗೂಟಗಳಿಗೆ ತೂಗುಹಾಕುವುದು ಹೆಂಡತಿ ನೀಲಾಂಬಿಕೆಯ ಪದ್ಧತಿ. ಮಸಿ ಹಿಡಿಯುತ್ತದೆಂದು ಇವರು ಬೈದು ಇಳಿಸಿ ಒರೆಸಿಡುವುದು, ಮರುದಿನ ಅದು ಮತ್ತೆ ಗೂಟ ಏರುವುದು, ಹೀಗೆ ನಲವತ್ತು ವರ್ಷ ನಡೆದಿತ್ತು. ಗುದ್ದಲಿಯ ಕಾವು, ಕತ್ತಿಯ ಹಿಡಿ ಎಲ್ಲ ಹೊಗೆಯಲ್ಲೇ ಗಟ್ಟಿಯಾಗುತ್ತವೆ, ಇದೇನು ಮಹಾ ಎನ್ನುತ್ತಿದ್ದಳು. ಎರಡು ಮಳೆಗಾಲದ ಹಿಂದೆ ಅವಳು ಲಿಂಗೈಕ್ಯಳಾದಳು. ಕಾರ್ಯಗಳೆಲ್ಲ ಮುಗಿದ ಮೇಲೆ ಇವರು ರೈಫಲ್ಲನ್ನು ಇಳಿಸಿ, ಸೀಗೆಪುಡಿ ಹಾಕಿ ಮಸಿ ತಿಕ್ಕಿ, ಪಾಲಿಶ್ ಹಚ್ಚಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅದರ ಮೇಲ್ಗಡೆ ಅವಳ ಫೋಟೋ ಹಾಕಿದರು. ಇಬ್ಬರಿಗೂ ಮರ್ಯಾದೆ ಮಾಡಿದೆನೆಂದೇ ತಿಳಿದಿದ್ದರು.

ಸಾಹೇಬರು ಪುಡಿಯನ್ನು ಅಂಗೈಯಲ್ಲಿ ಬಳಿದುಕೊಂಡರು. "ಇಷ್ಟು ವರ್ಷ ಇದನ್ನು ಹುಳದಿಂದ ಕಾದಿದ್ದು ನೀಲಾಂಬಿಕೆ ಅಕ್ಕನ ಹೊಗೆ ಮಾರಾಯ್ರೆ. ನೀವು ಅದನ್ನೇ ತಿಕ್ಕಿ ತೊಳೆದ್ರಿ."

ಮಾಡಿಕೊಡಬಹುದು, ಆದರೆ ಮರ ಬೇಕಲ್ಲ ಎಂದರು. ಹಸಿ ಮರದಲ್ಲಿ ಮಾಡಿದರೆ ಬೇಸಗೆಗೆ ಸೀಳುತ್ತದೆ. ಚೆನ್ನಾಗಿ ಒಣಗಿದ ಬೀಟೆಯಾಗಬೇಕು. ಈಗ ಹೋಗಿ ಸರ್ಕಾರದ ಬೀಟೆ ಮರ ಕಡಿದರೆ ಕೋವಿಗಿಂತ ಮುಂಚೆ ನೀವೇ ಸ್ಟೇಷನ್ನಿಗೆ ಹೋಗುತ್ತೀರಿ ಎಂದು ನಕ್ಕರು. ಜಯದೇವಪ್ಪನವರಿಗೆ ನಗು ಬರಲಿಲ್ಲ. ಅದನ್ನು ನೋಡಿ ಸಾಹೇಬರು, ಶುಕ್ರವಾರ ನಮಾಜು ಮುಗಿಸಿ ನಿಮ್ಮ ಮನೆಗೇ ಬರುತ್ತೇನೆ, ಹಳೇ ಮನೆಯಲ್ಲಿ ಹುಡುಕಿದರೆ ಏನಾದರೂ ಇರುತ್ತದೆ ಎಂದರು.

ಬಂದವರು ಕೊಟ್ಟಿಗೆ ನೋಡಿದರು, ಬಚ್ಚಲು ನೋಡಿದರು. ತುಂಡು ಮರ ಬೇಕಾದಷ್ಟಿತ್ತು, ಎಲ್ಲ ಹುಳ ತಿಂದದ್ದೇ. ಕೊನೆಗೆ ಅಡುಗೆಮನೆಗೆ ಬಂದರು. ಒಂದು ಮೂಲೆಯಲ್ಲಿ ಸೊಸೆ ಜ್ಯೋತ್ಸ್ನಾಳ ಗ್ಯಾಸ್ ಒಲೆ ಉರಿಯುತ್ತಿತ್ತು. ಹಳೆಯ ಸೌದೆಯ ಒಲೆ ಬೂದಿ ಗುಡಿಸಿಕೊಂಡು ತಣ್ಣಗೆ ಕೂತಿತ್ತು. ಸಾಹೇಬರು ಅದರ ಮೇಲಿನ ಬಿದಿರಿನ ಅಟ್ಟಕ್ಕೆ ಕೈಯಾಡಿಸಿ, ಗೂಟಗಳ ಪಕ್ಕದಿಂದಲೇ ಒಂದು ದಪ್ಪ ತುಂಡನ್ನು ಎಳೆದರು. ಇದ್ದಿಲಿನ ಹಾಗೆ ಕಪ್ಪು. ಉಳಿಯಿಂದ ಒಂದು ಎಳೆ ಕೆತ್ತಿದರೆ ಒಳಗೆ ನೇರಳೆಗೆಂಪು ಗೆರೆಗಳು. ಬೀಟೆ. ಒಂದು ಹುಳದ ತೂತಿಲ್ಲ.

ಜಯದೇವಪ್ಪನವರಿಗೆ ಗುರುತು ಸಿಕ್ಕಿತು. ಮುಂಬಾಗಿಲು ಮಾಡಿಸಿದ ವರ್ಷ ಮಿಕ್ಕ ತುಂಡು ಅದು. ಮಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಂಗಳದಲ್ಲಿ ಕಾಲಿಗೆ ತಾಗಿತೆಂದು ಇವರೇ ಸಿಟ್ಟಿನಲ್ಲಿ ಎತ್ತಿ ಒಗೆದಿದ್ದರು.

"ಬಚ್ಚಲೊಲೆಗೆ ಹಾಕು ಅಂದಿದ್ದೆ," ಎಂದರು.

"ಅಕ್ಕ ನಿಮ್ಮ ಮಾತು ಕೇಳದೇ ಇದ್ದದ್ದು ಎಷ್ಟು ಒಳ್ಳೇದಾಯ್ತು ನೋಡಿ."

ಮೂರು ವಾರ ಕಳೆದು ಸಾಹೇಬರು ಹಿಡಿಯನ್ನು ತಂದು ಜಗಲಿಯಲ್ಲಿ ಕೂತು ಜೋಡಿಸಿದರು. ಕಬ್ಬಿಣಕ್ಕೂ ಮರಕ್ಕೂ ನಡುವೆ ಕೂದಲು ತೂರುವಷ್ಟು ಸಂದಿರಲಿಲ್ಲ. ಜಯದೇವಪ್ಪನವರು ರೈಫಲ್ಲನ್ನು ಹೆಗಲಿಗೇರಿಸಿ ಕೆನ್ನೆ ಆನಿಸಿದರು. ಹೊಸ ಎಣ್ಣೆಯ ಅಡಿಯಿಂದ ಅಡುಗೆಮನೆಯ ಹೊಗೆಯ ವಾಸನೆ ಬಂತು. ಗುರಿ ನೋಡಬೇಕಾದವರು ಹಾಗೇ ಕಣ್ಣು ಮುಚ್ಚಿ ನಿಂತರು. ಆಮೇಲೆ ಅದನ್ನು ಕೆಳಗಿಟ್ಟು ಸಾಹೇಬರಿಗೆ ಕೈಮುಗಿಯಲು ಹೋದರೆ, ಅವರು ಆ ಕೈಗಳನ್ನು ಹಿಡಿದು ಅಡುಗೆಮನೆಯ ಕಡೆ ತಿರುಗಿಸಿದರು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಹಾಲು ತಂದ ಜ್ಯೋತ್ಸ್ನಾ ಬಾಗಿಲಲ್ಲೇ ನಿಂತಳು. ರೈಫಲ್ಲು ಮತ್ತೆ ಗೂಟ ಏರಿತ್ತು. ಅದರ ಕೆಳಗೆ, ಹುಟ್ಟಿದಾಗಿನಿಂದ ಒಂದು ದಿನವೂ ಒಲೆ ಹಚ್ಚಿರದ ಮಾವ ಕುಕ್ಕರುಗಾಲಲ್ಲಿ ಕೂತು ಊದುಗೊಳವೆ ಊದುತ್ತಿದ್ದರು. ಒಲೆಯ ಹಣೆಗೆ ಮೂರು ಗೆರೆ ವಿಭೂತಿ. ಒಲೆಯ ಮೇಲೆ ಪಾತ್ರೆಯಿರಲಿಲ್ಲ.

"ಎಂತ ಬೇಕಿತ್ತು ಮಾವ? ಗ್ಯಾಸಲ್ಲಿ ಮಾಡಿಕೊಡ್ತಿದ್ದೆನಲ್ಲ."

"ಗ್ಯಾಸಲ್ಲಿ ಹೊಗೆ ಬರಲ್ಲ ತಾಯಿ," ಎಂದು ಅವರು ಇನ್ನೊಂದು ಸೌದೆ ಮುಂದೂಡಿದರು.