ಕಾಕಾನ ಹಾಕಿ ಕೋಲು

ಅಗಸಿ ಎಣ್ಣಿ ವಾಸನಿ ಮೂಗಿಗಿ ಬಡದರ ಈಗಲೂ ನಮ್ಮೂರು ವಲಾಂಡಿಯ ಆ ಬರಗಾಲದ ಮಧ್ಯಾಹ್ನ ನೆನಪಾಗ್ತದ.

ನಮ್ಮ ಕಾಕಾ ಉದಗೀರ ಕಾಲೇಜಿನಾಗ ಆಡಿ ಹೆಸರು ಮಾಡಿ, ಮುಂಬೈಯ ದೊಡ್ಡ ಹಾಕಿ ಟೀಮಿಗಿ ಎರಡೇ ಮ್ಯಾಚ್ ಆಡಿ ಊರಿಗಿ ಬಂದಿದ್ದ. ಎರಡರಾಗೂ ಗೋಲು ಹೊಡದಿದ್ದನಂತ. ಮತ್ತ ಕರೀತೀವಿ ಅಂದವರು ಕರದಿರಲಿಲ್ಲ. ಅಗಸಿ ಎಣ್ಣಿ ಕುಡದು ನುಣ್ಣಗಾಗಿದ್ದ ಅವನ ಹಾಕಿ ಕೋಲು ಗೋಡಿಗಿ ತೂಗತಿತ್ತು.

ಆವತ್ತು ನೆಲದ ಮ್ಯಾಲ ಹುಲ್ಲಿನ ಕಡ್ಡಿ ಇರಲಿಲ್ಲ. ಜಾಲಿಗಿಡದ ತುದ್ಯಾಗಷ್ಟೇ ಕಾಯಿ ಉಳದಿದ್ದವು.

"ಆ ಬಾಗಿದ ಕೋಲು ಬಿದಿರಿಗಿ ಕಟ್ಟೋ ಯಪ್ಪಾ, ಕುರಿ ಹಸದಾವ," ಅಂದಳು ಅಜ್ಜಿ.

ಕಾಕಾ ಕೋಲು ಇಳಿಸಿದ. ಕುರಿಗೂದಲ ಹುರಿಲೆ ಬಿದಿರಿನ ತುದಿಗಿ ಬಿಗದು, ಟೊಂಗಿ ಬಗ್ಗಿಸಿ ಕಾಯಿ ಉದುರಿಸಿದ. ಕುರಿ ಕಟಕಟ ಅಂತ ತಿಂದವು. ಸಂಜಿಗಿ ಹುರಿ ಬಿಚ್ಚಿ, ಮುಳ್ಳು ಗೀರಿದಲ್ಲೆಲ್ಲ ಎಣ್ಣಿ ತಿಕ್ಕಿ ಕುಂತ.

"ನಾಳಿ ಮತ್ತ ಕಟ್ಟೋದೇ ಅದಲ್ಲ, ಯಾಕ ಬಿಚ್ಚಿದಿ?" ಅಂತ ಅಜ್ಜಿ ಕೇಳಿದಳು.

"ಮುಂಬೈಯವರು ಕರದರ ಬೇಕಾಗ್ತದಲ್ಲವ್ವಾ."

ಮರುದಿನ ಸಂಜಿಗಿ ನಾವು ಕುರಿ ಹೊಡಕೊಂಡು ಬರೋದರಾಗ ಎಣ್ಣಿ ಬಟ್ಟಲ ಕಟ್ಟಿ ಮ್ಯಾಲ ಇತ್ತು. ಹುರಿ ಅಜ್ಜೀನೇ ಬಿಚ್ಚಿದಳು.