ಅಂಬಾಸಿಡರಿನ ಹಿಂದಿನ ಸೀಟು

"ಬಹುಮಾನ ಕಾಂಟೆಸ್ಸಾಕ್ಕ ಕೊಡ್ರಿ ಮೇಡಂ. ಕುಂತರ ಮೆತ್ತಗ, ಓಡಿದರ ಸಪ್ಪಳಿಲ್ಲ. ಅಂಬಾಸಿಡರ ಅದರ ಮುಂದ ಏನೂ ಅಲ್ಲ," ಎಂದ ವೆಂಕಪ್ಪ.

ಪಕ್ಕದಲ್ಲೇ ನಿಂತಿದ್ದ ಶಫೀಕನ ಮುಖ ಬಾಡಿತು. ಅಂಬಾಸಿಡರ್ ಅವನದು. ಅದನ್ನು ಹಳಿಯುತ್ತಿದ್ದವನು ಅವನ ಬಾಲ್ಯದ ಗೆಳೆಯ, ಬೆಟಗೇರಿಯ ನೇಕಾರ. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ.

ಗದಗಿನ ಹಳೆಯ ಕಾರುಗಳ ಪ್ರದರ್ಶನದಲ್ಲಿ ಕೊನೆಗೆ ಉಳಿದದ್ದು ಎರಡೇ: ಐವತ್ತರ ದಶಕದ ಗುಂಡು ಮೈಯ ಅಂಬಾಸಿಡರ್, ಎಂಬತ್ತರ ದಶಕದ ಉದ್ದ ಮೂತಿಯ ಕಾಂಟೆಸ್ಸಾ. ಯಾವುದು ಕಂಪನಿಯಿಂದ ಬಂದಂತೆಯೇ ಉಳಿದಿದೆಯೋ ಅದಕ್ಕೆ ಬಹುಮಾನ. ತೀರ್ಪುಗಾರ್ತಿ ಮೇಘಾ ಎರಡನ್ನೂ ಸುತ್ತಿ ಸುತ್ತಿ ನೋಡುತ್ತಿದ್ದಳು.

ಶಫೀಕ ಒಲ್ಲೆ ಒಲ್ಲೆ ಎಂದರೂ ಅವನ ಕಾರಿನ ಹೆಸರು ಬರೆಸಿದ್ದು ವೆಂಕಪ್ಪನೇ. ಆಮೇಲೆ ಆಗಬಾರದ್ದು ಆಯಿತು. ಶಫೀಕ ಕಾರನ್ನು ಅವನ ಬಳಿ ಬಿಟ್ಟು ಪರವೂರಿಗೆ ಹೋಗಿದ್ದ. ಅವನು ಯಾರನ್ನೂ ಕೂರಿಸದ ಹಿಂದಿನ ಸೀಟಿನಲ್ಲಿ ವೆಂಕಪ್ಪ ಕಾಲು ಚಾಚಿ ಬೀಡಿ ಹಚ್ಚಿದ. ಕಣ್ಣು ಹತ್ತಿತು. ಸೀಟಿನ ಬಟ್ಟೆ ಸುಟ್ಟಿತು.

ಹೇಳಲು ಬಾಯಿ ಬರಲಿಲ್ಲ. ಅದೇ ನೀಲಿ ಪಟ್ಟೆಯ ಬಟ್ಟೆಯನ್ನು ತೀರಿಹೋದ ಅಪ್ಪನ ಮಗ್ಗದಲ್ಲಿ ನೇಯ್ದು ಹೊದಿಸಿದ. ಅಗಲ ಕೂಡ ಆ ಮಗ್ಗಕ್ಕೆ ಹೇಳಿ ಮಾಡಿಸಿದಂತೆ ಕೂಡಿಬಂತು. ಸುಟ್ಟದ್ದನ್ನು ಬಚ್ಚಲ ಒಲೆಗೆ ತುರುಕಿದ. ಅಂದಿನಿಂದ ಗೆಳೆಯನ ಮುಖ ನೋಡಲು ನಾಚಿಕೆ.

ಈಗ ಮೇಘಾ ಆ ಬಟ್ಟೆಯನ್ನು ನಕಲಿ ಎಂದರೆ ಊರ ಮುಂದೆ ಸುಳ್ಳುಗಾರನಾಗುವವನು ಪಾಪದ ಶಫೀಕ. ಅವಳು ಬಾಗಿಲು ತೆರೆಯುವ ಮೊದಲೇ ಅವನು ಸೋತರೆ ಬಚಾವು.

ಅವಳು ಬಾಗಿಲು ತೆರೆದೇಬಿಟ್ಟಳು. "ಸೀಟಿನ ಬಟ್ಟಿ ಕಂಪನೀದ ಏನ್ರಿ?"

ಕುಂಬಳಕಾಯಿ ಕಳ್ಳನಂತೆ ವೆಂಕಪ್ಪ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

"ಅಲ್ರಿ," ಎಂದ ಶಫೀಕ ಮೆಲ್ಲಗೆ. "ಬಹುಮಾನ ಕಾಂಟೆಸ್ಸಾಕ್ಕ ಕೊಡ್ರಿ."

ಇವನಿಗೆ ಎಲ್ಲ ಗೊತ್ತಾಗಿದೆ! ವೆಂಕಪ್ಪ ಅವನ ಕೈ ಹಿಡಿದುಕೊಂಡ. "ಲೇ ಶಫೀಕ, ನಂದು ತಪ್ಪಾತು..."

"ನಿಂದೇನು ತಪ್ಪು? ಮುಚ್ಚಿಟ್ಟಾಂವ ನಾನು." ಶಫೀಕ ಸೀಟನ್ನು ಮಗುವಿನ ಬೆನ್ನಿನಂತೆ ಸವರಿದ. ಅವನ ಕಣ್ಣು ತುಂಬಿದ್ದವು. "ಕಂಪನಿ ಬಟ್ಟಿ ಎಂದೋ ಹರದು ಹೋತು. ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿ ಹಾಕಿ ಬ್ಯಾರೆ ನೇಯಿಸಿದ್ದೆ."

ಶಫೀಕ ಗೆಳೆಯನತ್ತ ತಿರುಗಿದ. "ನಿಮ್ಮಪ್ಪ ಕಡೀಕ ನೇಯ್ದ ಬಟ್ಟಿ ಇದು, ವೆಂಕ್ಯಾ. ಇನ್ನ ನಿಮ್ಮನ್ಯಾಗ ಇರಲಿ, ತಗೊ."