ಏಜೆಂಟ್ ಮಿಂಚಿನ ಮುಖ

ಹುಲುಗಣ್ಣ ಬಿದಿರು ಬಡಿಗೆಯ ಹೊಟ್ಟೆಗೆ ಕಬ್ಬಿಣದ ಸರಳು ತುರುಕಿ, ಬಾಯಿಗೆ ಮೇಣ ಮೆತ್ತಿದ. ಮೂಲೆಯ ಜೋಳದ ಚೀಲಕ್ಕೆ ಒಂದು ಬಾರಿಸಿ ನೋಡಿದ. ಚೀಲ ಹರಿದು ಜೋಳ ಮನೆ ತುಂಬ ಚೆಲ್ಲಿತು.

"ನಾಳೆ ಆ ಹೀರೊನ ಮಾರಿನೂ ಹಿಂಗ ಒಡಿತೈತಿ."

ರೊಟ್ಟಿ ತಟ್ಟುತ್ತಿದ್ದ ಕನಕಮ್ಮ ತಿರುಗಿದಳು. "ಸಿನಿಮಾದಾಗ ಹೊಡಿಯೋದು ಸುಳ್ಳೇ ಅಲ್ಲೇನ್ರಿ?"

"ಸುಳ್ಳು ಹೊಡಿಯೋರು ಬೆಂಗಳೂರಾಗ ಅದಾರ. ನಾನು ಕೊಟ್ಟೂರಾವ!"

ಏಜೆಂಟ್ ಮಿಂಚು ಎಂಬ ಗೂಢಚಾರಿಯ ಸಿನಿಮಾಗಳು ವರ್ಷಕ್ಕೊಂದರಂತೆ ಬರುತ್ತಲೇ ಇದ್ದವು. ಮೊದಲ ಚಿತ್ರಕ್ಕೆ ಹೀರೊ ಹುಡುಕುವಾಗ, ಕಂಪನಿ ನಾಟಕದಲ್ಲಿದ್ದ ಹುಲುಗಣ್ಣನನ್ನೂ ಬೆಂಗಳೂರಿಗೆ ಕರೆಸಿದ್ದರು. ಕುದುರೆ ಹತ್ತಿಸಿದರು. ಪಿಸ್ತೂಲು ಹಿಡಿಸಿದರು. ಕೋಟಿಗೆ ಅಳತೆಯನ್ನೂ ತೆಗೆದುಕೊಂಡರು. ಮರುದಿನ ಆ ಕೋಟಿನೊಳಗೆ ಪ್ರವೀಣಕುಮಾರ್ ನಿಂತಿದ್ದ. ಈ ಕಥೆಯನ್ನು ಹುಲುಗಣ್ಣ ಬೊಮ್ಮಯ್ಯನ ಹೋಟೆಲಿನಲ್ಲಿ ಎಷ್ಟು ಸಲ ಹೇಳಿದ್ದನೆಂದರೆ, ಬಾಣಲೆಯ ಮಿರ್ಚಿಗಳೂ ಅವನನ್ನು ಕಂಡೊಡನೆ ಎಣ್ಣೆಯಲ್ಲಿ ಮುಳುಗಿ ಮುಖ ಮರೆಸಿಕೊಳ್ಳುತ್ತಿದ್ದವು.

ಈಗ ಅದೇ ಮಿಂಚು ಉಚ್ಚಂಗಿದುರ್ಗದ ಕೋಟೆಗೆ ಬಂದಿದ್ದ. ಹೊಸ ಚಿತ್ರ ಈಗಷ್ಟೇ ಶುರುವಾಗಿತ್ತು. ಹುಲುಗಣ್ಣನಿಗೆ ಸಿಕ್ಕಿದ್ದು ಮಿಂಚಿನ ಕೈಲಿ ಏಟು ತಿನ್ನುವ ರೌಡಿಯ ಪಾರ್ಟು. ಅವನು ಎರಡು ಮಾತಾಡದೆ ಒಪ್ಪಿದ್ದ. ಹೀರೊನ ಮುಖ ಒಡೆದರೆ ಆರು ತಿಂಗಳು ಆಸ್ಪತ್ರೆ. ಪಾರ್ಟು ಖಾಲಿ. ಕೋಟಿನ ಅಳತೆಯಂತೂ ಅವರ ಹತ್ತಿರ ಇದ್ದೇ ಇದೆ.

"ಎದುರಿಗಿನವ್ರು ತಿರುಗಿ ಹೊಡಿದ್ರ?" ಕನಕಮ್ಮ ಕೇಳಿದಳು.

"ನನಗ ತಿರುಗಿ ಹೊಡಿಯೋರು ಇನ್ನಾ ಹುಟ್ಟಿಲ್ಲ. ನೀನೇನು, ಇನ್ನಾ ಕಂಪನಿ ನಾಟಕದಾಗ ಬಡಿಗಿ ತಿರುಗಸ್ಕೊಂತ ಅದೀನಿ ಅಂತ ತಿಳ್ಕಂಡಿಯೇನ? ನಿನ್ನ ಬಣ್ಣ ಬಿಡಿಸಿ ಮನ್ಯಾಗ ಕುಂದ್ರಿಸಿ ಎಷ್ಟು ವರ್ಷಾತು?" ಹುಲುಗಣ್ಣ ಮೀಸೆ ತೀಡಿದ. ಮರುಕ್ಷಣ ಅವಳ ಕೆನ್ನೆಗೆ ಬಿತ್ತು. ರೊಟ್ಟಿ ಬೂದಿಗೆ ಬಿತ್ತು.

ಕನಕಮ್ಮ ಬೂದಿ ಒರೆಸಿ ರೊಟ್ಟಿಯನ್ನು ಅವನ ತಟ್ಟೆಗೇ ಹಾಕಿದಳು. ಮಧ್ಯಾಹ್ನದ ಬಸ್ಸಿಗೆ ಹರಪನಹಳ್ಳಿಯ ತವರಿಗೆ ಹೊರಟಳು.

"ಹೋಗು, ಹೋಗು," ಹುಲುಗಣ್ಣ ಕೂಗಿದ. "ವಾಪಸ್ ಬರೋದ್ರಾಗ ಹೀರೊನ ಹೆಂಡ್ತಿ ಆಗಿರ್ತಿ!"

ಮರುದಿನ ಬೆಳಗ್ಗೆ ಹಡಗಲಿಯಿಂದ ಕೂಡ್ಲಿಗಿಯವರೆಗಿನ ಟ್ರ್ಯಾಕ್ಟರುಗಳೆಲ್ಲ ಗುಡ್ಡದ ಕೆಳಗೆ ಸೇರಿದ್ದವು. ಆ ದಿನ ಹೊಲಗಳಲ್ಲಿ ಕಾಗೆಗಳಷ್ಟೇ ಉಳಿದಿದ್ದವಂತೆ.

"ಮಿಂಚು ಮುಸುಕು ಹಾಕ್ಕೊಂಡು ಶತ್ರುಗಳ ಕೋಟೆಗೆ ನುಗ್ತಾನೆ. ನೀವು ಅಡ್ಡ ಬರ್ತೀರಿ," ಅಂದ ಬೆಂಗಳೂರಿನ ಫೈಟ್ ಮಾಸ್ಟರ್. "ಮೈಗೆ ತಾಗಿಸಬೇಡಿ, ತಿಳೀತಾ?"

"ತಾಗಿದ್ದು ಗೊತ್ತಾಗಬಾರದು, ಹಂಗ ಹೊಡಿತೀನಿ ಸಾರ್."

ಕರೀ ಮುಸುಕು, ಕರೀ ಕೋಟು, ಕರೀ ಕೈಗವಸು ತೊಟ್ಟ ಮಿಂಚಿನ ಆಕೃತಿ ಬುರುಜಿನ ಮೇಲಿಂದ ಧುಮುಕಿತು. ಹುಲುಗಣ್ಣ ಮೀಸೆ ತೀಡಿ ಬಡಿಗೆ ಬೀಸಿದ. ಮುಸುಕು ಆಗಲೇ ಬಗ್ಗಿತ್ತು. ಮತ್ತೆ ಬೀಸಿದ. ಮತ್ತೆ ಗಾಳಿ. ಮೂರನೆಯದು ಭುಜಕ್ಕೆ ಬಿತ್ತು. ಆ ಏಟಿಗೆ ಗಬ್ಬದ ಎಮ್ಮೆಯೂ ನೆಲ ಹಿಡಿಯಬೇಕಿತ್ತು. ಮುಸುಕು ಮೈ ಕೊಡವಿಕೊಂಡಿತು, ಅಷ್ಟೆ.

ತಿರುಗೇಟು ಎಡಮೊಣಕಾಲಿಗೆ ಬಂತು. ಆ ಕಾಲು ಚಳಿಗಾಲದಲ್ಲಿ ಹಿಡಿಯುತ್ತದೆಂದು ಹುಲುಗಣ್ಣ ಹೊರಗೆ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಅವನ ಕಣ್ಣಲ್ಲಿ ನೀರು ಚಿಮ್ಮಿತು.

ಅಷ್ಟರಲ್ಲಿ ಬೊಮ್ಮಯ್ಯ ಹಗ್ಗ ದಾಟಿ ಓಡಿಬಂದ. ಊರ ನಾಟಕದಲ್ಲಿ ಚೆನ್ನಾಗಿ ಪಾರ್ಟು ಮಾಡಿದವರ ಎದೆಗೆ ಆಯೇರಿಯ ನೋಟು ಚುಚ್ಚುವುದು ರೂಢಿ. ಇದೂ ನಾಟಕವೇ ಎಂದುಕೊಂಡು, ಒಂದು ಕೈಲಿ ಹತ್ತರ ನೋಟು, ಇನ್ನೊಂದರಲ್ಲಿ ಪಿನ್ನು ಹಿಡಿದಿದ್ದ.

"ಕಟ್! ಯಾರ್ರೀ ಅದು?" ಮಾಸ್ಟರ್ ಅರಚಿದ.

"ತಡೀರಿ ಸಾಹೇಬ್ರ, ಆಯೇರಿ ಮಾಡಿ ಹೊಕ್ಕೀನಿ."

"ಲೇ ಬೊಮ್ಮಯ್ಯಾ, ನಿಮ್ಮೂರಾವ ನಾನು!" ಹುಲುಗಣ್ಣ ಕುದಿದ.

"ನೀನೂ ಒಂದಾರ ಸರಿಯಾಗಿ ಹೊಡಿಯೋ, ನಿನಗೂ ಚುಚ್ಚತೀನಿ."

ಬೊಮ್ಮಯ್ಯ ಪಿನ್ನು ಎತ್ತಿದಾಗ ಮುಸುಕು ಒಂದು ಹೆಜ್ಜೆ ಹಿಂದೆ ಸರಿಯಿತು. ಎರಡೂ ಕೈಯಲ್ಲಿ ನೋಟು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಿತು. ಜನ ಗುಡ್ಡ ಬಿರಿಯುವಂತೆ ಕೇಕೆ ಹಾಕಿದರು.

ಆ ಕೇಕೆಯೂ ತನ್ನದಾಗಬೇಕಿತ್ತು. ಮುಸುಕಿನ ತಲೆ ಇನ್ನೂ ಬಗ್ಗಿರುವಾಗಲೇ ಹುಲುಗಣ್ಣ ಮುಖಕ್ಕೆ ಗುರಿಯಿಟ್ಟು ಬಡಿಗೆ ಇಳಿಸಿದ.

ಅದು ಮುಖ ತಲುಪಲಿಲ್ಲ. ಕರೀ ಕೈಗವಸು ನಡುದಾರಿಯಲ್ಲೇ ಹಿಡಿದು, ತಿರುವಿ, ಕಸಿದು, ಕಂದಕಕ್ಕೆ ಎಸೆಯಿತು. ಕೆಳಗೆ ಕಲ್ಲಿಗೆ ಕಬ್ಬಿಣ ಠಣ್ ಎಂದಿತು. ಆಮೇಲೆ ಬರಿಗೈ. ಮೊದಲ ಗುದ್ದಿಗೆ ಮೂಗು ಒಡೆಯಿತು. ಎರಡನೆಯದಕ್ಕೆ ಹಲ್ಲು ಮುರಿದವು. ಹೊಟ್ಟೆಗೆ ಮೊಣಕಾಲು ಬಿತ್ತು, ಬೆನ್ನಿಗೆ ಮೊಣಕೈ. ಯಾವ ಏಟಿನಲ್ಲೂ ಅವಸರವಿರಲಿಲ್ಲ. ಹುಲುಗಣ್ಣ ಕೋಟೆಯ ಮೆಟ್ಟಿಲುಗಳನ್ನೆಲ್ಲ ತಲೆಯಿಂದಲೇ ಇಳಿದು, ಯಾರದೋ ಚಪ್ಪಲಿಯ ಮುಂದೆ ರಕ್ತ ಉಗುಳಿದ.

ಕಣ್ಣೆತ್ತಿದ. ಛತ್ರಿಯ ನೆರಳಲ್ಲಿ ಪ್ರವೀಣಕುಮಾರ್ ಕುರ್ಚಿ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಿದ್ದ. ಮುಖದ ಪೌಡರು ಕೂಡ ಅಳಿಸಿರಲಿಲ್ಲ.

"ಮಾಸ್ಟರ್, ನನಗೆ ಈ ಡೂಪ್‌ನ ಎಲ್ಲಿಂದ ತಂದ್ರಿ?"

"ನಮ್ಮ ಮಾಮೂಲಿ ಡೂಪ್ ಹುಡುಗನ ಕಾಲು ಉಳುಕಿತ್ತಲ್ಲ ಸಾರ್? ನಿನ್ನೆ ಸಂಜೆ ಇವರು ತಾವಾಗೇ ಬಂದು ಬಡಿಗೆ ತಿರುಗಿಸಿ ತೋರಿಸಿದ್ರು. ನಾನೇ ಹೆದರಿಬಿಟ್ಟೆ." ಮಾಸ್ಟರ್ ಮೆಟ್ಟಿಲ ಮೇಲಿದ್ದ ಮುಸುಕಿನ ಕಡೆ ತಿರುಗಿದ. "ಅವನ ಕೈ ಏಳೋ ಮುಂಚೇನೇ ಏಟು ಎಲ್ಲಿ ಬೀಳುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಕನಕಮ್ಮ ಮುಸುಕು ಕಳಚಿ ಬೆವರು ಒರೆಸಿಕೊಂಡಳು. "ಮದ್ವಿ ಆದಾಗಿಂದ ಮನ್ಯಾಗ ದಿನಾ ತಾಲೀಮು ನಡದೈತಿ ಸಾಹೇಬ್ರ; ನನ್ನ ಪಾಳಿ ಇವತ್ತ ಬಂತು."